ಮೇಣದ ಕಾಗದದಲ್ಲಿ ಉಳಿದ ಹಂಪಿ

ಬೆಂಗಳೂರಿನ ವಿಜಯನಗರ, ಹಂಪಿನಗರಗಳ ನಿವಾಸಿಗಳು ದಿನವೂ ಬಸ್ಸಿನ ಬೋರ್ಡಿನಲ್ಲಿ ಓದುವ ಹೆಸರುಗಳ ಮೂಲ ತುಂಗಭದ್ರೆಯ ದಂಡೆಯಲ್ಲಿದೆ. ಅಲ್ಲಿಗೆ ಹೋಗಿಬಂದವರ ಆಲ್ಬಮ್ಮಿನಲ್ಲಿ ಒಂದು ಚಿತ್ರ ಸಾಮಾನ್ಯವಾಗಿ ಇದ್ದೇ ಇರುತ್ತದೆ: ಬೋಳು ಬಂಡೆಯ ಗುಡ್ಡ, ಅದರ ಮೇಲೆ ಮೆಟ್ಟಿಲು ಮೆಟ್ಟಿಲಾಗಿ ಏರುವ ಕಲ್ಲಿನ ಶಿಖರದ ಪುಟ್ಟ ಗುಡಿ, ಹಿಂದೆ ಸಂಜೆಯ ಆಕಾಶ. ಅದೇ ವಿರೂಪಾಕ್ಷ ದೇವಾಲಯದ ದಕ್ಷಿಣಕ್ಕಿರುವ ಹೇಮಕೂಟ.

ಈ ಶಿಖರಗಳ ಆಕಾರ ನೋಡಿ ಇವು ಜೈನ ಬಸದಿಗಳೆಂದು ಹಿಂದಿನವರು ಬರೆದದ್ದುಂಟು. ಪ್ರವಾಸಿಗರಿಗೆ ಈಗಲೂ ಹಾಗೆಯೇ ಹೇಳುವವರಿದ್ದಾರೆ. ಆದರೆ ಇವು ಹೆಚ್ಚಾಗಿ ಶಿವನ ಗುಡಿಗಳು. ಕಂಪಿಲರಾಯನು ಇಲ್ಲಿ ಮೂರು ಲಿಂಗಗಳನ್ನು ಪ್ರತಿಷ್ಠಾಪಿಸಿದನೆಂದು ಶಾಸನವೇ ಹೇಳುತ್ತದೆ. ಎಂದರೆ 1336ರಲ್ಲಿ ಸಾಮ್ರಾಜ್ಯ ಹುಟ್ಟುವ ಮೊದಲೇ ಈ ಗುಡ್ಡದ ಮೇಲೆ ದೀಪ ಉರಿಯುತ್ತಿತ್ತು.

ಹಂಪಿಗೆ ಕ್ಯಾಮರಾ ಬಂದದ್ದು ಯಾವಾಗ? ಛಾಯಾಗ್ರಹಣದ ವಿಧಾನ ಲೋಕಕ್ಕೆ ಪ್ರಕಟವಾದದ್ದು 1839ರಲ್ಲಿ. ಅದಾದ ಹದಿನೇಳೇ ವರ್ಷಕ್ಕೆ, 1856ರಲ್ಲಿ, ಮದರಾಸ್ ಸೈನ್ಯದ ಅಧಿಕಾರಿ ಅಲೆಕ್ಸಾಂಡರ್ ಗ್ರೀನ್‌ಲಾ ಈ ಪಾಳುನಗರದ ಚಿತ್ರಗಳನ್ನು ತೆಗೆದ.

ಆಗ ಫಿಲ್ಮ್ ಎಂಬುದಿರಲಿಲ್ಲ. ಗಾಜಿನ ಫಲಕದ ಪದ್ಧತಿ ಬಂದಿತ್ತಾದರೂ, ದ್ರಾವಣ ಒಣಗುವುದರೊಳಗೆ ಚಿತ್ರ ತೆಗೆದು ಅಲ್ಲೇ ಡೇರೆಯ ಕತ್ತಲಲ್ಲಿ ತೊಳೆಯಬೇಕಿತ್ತು. ಬಂಡೆಗಳ ನಡುವೆ, ಬಳ್ಳಾರಿ ಸೀಮೆಯ ಬಿಸಿಲಿನಲ್ಲಿ ಅದು ಸುಲಭದ ಮಾತಲ್ಲ. ಗ್ರೀನ್‌ಲಾ ಆರಿಸಿಕೊಂಡದ್ದು ಮೇಣ ಹಿಡಿಸಿದ ಕಾಗದ. ಬೆಳ್ಳಿಯ ಲವಣ ಲೇಪಿಸಿ ಒಣಗಿಸಿದ ಈ ಕಾಗದವನ್ನು ಮೊದಲೇ ತಯಾರಿಸಿ ಒಯ್ಯಬಹುದು, ತೊಳೆಯುವ ಕೆಲಸವನ್ನು ಆಮೇಲೆ ಬಿಡಾರದಲ್ಲಿ ಮಾಡಬಹುದು. ತೊಂದರೆಯೆಂದರೆ ಒಂದು ಚಿತ್ರಕ್ಕೆ ನಿಮಿಷಗಟ್ಟಲೆ ಬೆಳಕು ಬೇಕು. ಮಸೂರದ ಮುಂದೆ ದನವೊಂದು ನಡೆದುಹೋದರೆ ಅದರ ಗುರುತೂ ಮೂಡುತ್ತಿರಲಿಲ್ಲ. ಚಿತ್ರವನ್ನು ಹಿಗ್ಗಿಸುವ ಅನುಕೂಲವೂ ಇರಲಿಲ್ಲ. ದೊಡ್ಡ ಪ್ರತಿ ಬೇಕಿದ್ದರೆ ಅಷ್ಟೇ ದೊಡ್ಡ ನೆಗೆಟಿವ್, ಅಷ್ಟೇ ದೊಡ್ಡ ಕ್ಯಾಮರಾ ಬೇಕಾಗಿತ್ತು.

ಈ ನೆಗೆಟಿವ್‌ಗಳು ಒಂದು ಶತಮಾನಕ್ಕೂ ಹೆಚ್ಚು ಕಾಲ ಕಣ್ಮರೆಯಾಗಿದ್ದು, 1980ರ ಸುಮಾರಿಗೆ ಮತ್ತೆ ಬೆಳಕಿಗೆ ಬಂದವು. ಹಂಪಿಯ ಅಧ್ಯಯನದಲ್ಲಿ ತೊಡಗಿದ್ದ ಜಾನ್ ಫ್ರಿಟ್ಜ್, ಜಾರ್ಜ್ ಮಿಶೆಲ್ ಅವರ ಜೊತೆಗಿದ್ದ ಆಸ್ಟ್ರೇಲಿಯಾದ ಛಾಯಾಗ್ರಾಹಕ ಜಾನ್ ಗಾಲಿಂಗ್ಸ್ 1983ರಲ್ಲಿ ಗ್ರೀನ್‌ಲಾ ನಿಂತ ಜಾಗಗಳನ್ನೇ ಹುಡುಕಿ, ಅದೇ ಕೋನದಿಂದ ಮತ್ತೆ ಚಿತ್ರ ತೆಗೆದರು.

ಜೋಡಿ ಚಿತ್ರಗಳನ್ನು ಪಕ್ಕಪಕ್ಕದಲ್ಲಿಟ್ಟಾಗ ಕಲ್ಲು ಬಹುಮಟ್ಟಿಗೆ ಹಾಗೆಯೇ ಇದ್ದದ್ದು ಕಂಡಿತು. ಹೋದದ್ದು ಇಟ್ಟಿಗೆ, ಗಾರೆ. ವಿಠ್ಠಲ ದೇವಾಲಯದ ಕಲ್ಲಿನ ರಥವನ್ನೇ ನೋಡಿ. 1856ರ ಚಿತ್ರದಲ್ಲಿ ಅದರ ನೆತ್ತಿಯ ಮೇಲೆ ಇಟ್ಟಿಗೆಯ ಗೋಪುರವಿದೆ! ಶಿಥಿಲವಾಗಿದ್ದ ಅದನ್ನು ಮುಂದೆ ತೆಗೆದುಹಾಕಲಾಯಿತು. ಗ್ರೀನ್‌ಲಾನ ಕಾಗದ ಸಿಗದಿದ್ದರೆ ರಥದ ಪೂರ್ಣರೂಪ ನಮಗೆ ಇಷ್ಟು ಸ್ಪಷ್ಟವಾಗಿ ತಿಳಿಯುತ್ತಿರಲಿಲ್ಲ. ಹೇಮಕೂಟದ ಗುಡಿಗಳ ಅದೃಷ್ಟವೆಂದರೆ ಅವುಗಳ ಶಿಖರವೂ ಕಲ್ಲಿನದೇ.

2017ರಲ್ಲಿ ಬಂದ ಐವತ್ತು ರೂಪಾಯಿಯ ನೋಟಿನ ಹಿಂಬದಿಯಲ್ಲಿ ಅಚ್ಚಾಗಿರುವುದು ಗೋಪುರವಿಲ್ಲದ ರಥ.