ಕೊಪ್ಪಳ ಸೀಮೆಯ ಯುದ್ಧಸ್ಮಾರಕಗಳೂ ಅವುಗಳಲ್ಲಿ ಯೋಧನ ಸ್ಥಾನವೂ

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಎಂಬ ನಾಲ್ಕು ಹಳೆಯ ತಾಲೂಕುಗಳ ಸೀಮೆಯಲ್ಲಿ ಪ್ರತಿವರ್ಷವೂ ಸಪ್ಟೆಂಬರ ತಿಂಗಳ 17ನೆಯ ದಿನದಂದು ಧ್ವಜಾರೋಹಣವು ಜರುಗುವುದು ವಾಚಕರಿಗೆ ಸುವಿದಿತವೇ ಆಗಿದೆ. 1948ರಲ್ಲಿ ಹೈದರಾಬಾದ್ ಸಂಸ್ಥಾನವು ಭಾರತದ ಸೈನ್ಯಕ್ಕೆ ಮಣಿದ ದಿನವದು. ಜಿಲ್ಲೆಯ ಉಸ್ತುವಾರಿ ಮಂತ್ರಿಗಳು ಧ್ವಜವನ್ನೇರಿಸುವರು. ಅಧಿಕಾರಿಗಳೂ ಶಾಸಕರೂ ವೇದಿಕೆಯ ಮೇಲೆ ಕುಳಿತುಕೊಳ್ಳುವರು. ಗಡಿಯ ಶಿಬಿರಗಳಲ್ಲಿದ್ದು ಕಾದಾಡಿದ ವೃದ್ಧರಿಗೆ ಶಾಲು, ಹಾರ, ಫಲತಾಂಬೂಲಗಳು ಸಲ್ಲುವುವು. ಆದರೆ ಆ ದಿನದ ಕಥೆಯನ್ನು ಹೇಳುವ ಭಾಷಣವು ಅವರದಲ್ಲ. ಆಗ ಇಪ್ಪತ್ತರ ಪ್ರಾಯದವರಾಗಿದ್ದವರು ಇಂದು ತೊಂಬತ್ತೈದನ್ನು ದಾಟಿರುವುದರಿಂದ, ಸನ್ಮಾನಕ್ಕೆ ಬರುವವರ ಸಂಖ್ಯೆಯೂ ವರ್ಷದಿಂದ ವರ್ಷಕ್ಕೆ ಇಳಿಯುತ್ತಲಿದೆ. ಕಾದಿದವನಿಗೂ ಅವನ ಸ್ಮರಣೆಯ ಸಮಾರಂಭಕ್ಕೂ ಇರತಕ್ಕ ಸಂಬಂಧವು ಈ ಸೀಮೆಯಲ್ಲಿ ಹಿಂದೆ ಎಂತಿದ್ದಿತು, ಇಂದಿನ ಸ್ಥಿತಿಗೆ ಹೇಗೆ ಬಂದಿತು ಎಂಬುದು ವಿಚಾರಿಸತಕ್ಕ ವಿಷಯವಾಗಿದೆ.

ಕನ್ನಡ ನಾಡಿನ ಅತ್ಯಂತ ಸಾಮಾನ್ಯವಾದ ಯುದ್ಧಸ್ಮಾರಕವೆಂದರೆ ವೀರಗಲ್ಲು. ಊರಬಾಗಿಲಲ್ಲಿ, ಕೆರೆಯೇರಿಯ ಮೇಲೆ, ದೇವಾಲಯದ ಪ್ರಾಕಾರದಲ್ಲಿ ನಿಂತಿರುವ ಈ ಕಲ್ಲುಗಳ ರಚನೆಯು ಬಹುಮಟ್ಟಿಗೆ ಒಂದೇ ಬಗೆಯದು. ಕೆಳಗಣ ಪಟ್ಟಿಕೆಯಲ್ಲಿ ಕಾಳಗ. ನಡುವಣದರಲ್ಲಿ ಸತ್ತ ವೀರನನ್ನು ಅಪ್ಸರೆಯರು ಎತ್ತಿಕೊಂಡೊಯ್ಯುವ ನೋಟ. ಮೇಲಣದರಲ್ಲಿ ಲಿಂಗದ ಅಥವಾ ಜಿನನ ಸನ್ನಿಧಿಯಲ್ಲಿ ಅವನು ಕುಳಿತಿರುವುದು. ಬರಹವಿರುವ ಕಲ್ಲುಗಳಲ್ಲಿ ಆಳುವ ಅರಸನ ಬಿರುದಾವಳಿಯೂ ಸಾಮಂತನ ಹೆಸರೂ ಮೊದಲು ಬರುವುವು ನಿಜ. ಆದರೆ ಅವು ಬರುವುದು ಕಾಲವನ್ನೂ ನಾಡನ್ನೂ ಗೊತ್ತುಪಡಿಸುವುದಕ್ಕಾಗಿ. ಅರಸನು ಬರಹದಲ್ಲಿರುವನು, ಶಿಲ್ಪದಲ್ಲಿ ಸಾಮಾನ್ಯವಾಗಿ ಇಲ್ಲ. ತುರುಗೋಳಿನಲ್ಲಿ ಊರ ದನಗಳನ್ನು ಬಿಡಿಸಲು ಹೋಗಿ ಮಡಿದ ಒಬ್ಬ ಸಾಧಾರಣನೇ ಮೂರು ಪಟ್ಟಿಕೆಗಳ ನಾಯಕನು. ಓದುಬಾರದ ಊರವನಿಗೆ ಆ ಕಲ್ಲಿನಲ್ಲಿ ಕಾಣುತ್ತಿದ್ದವನು ಅವನೊಬ್ಬನೇ ಎಂಬುದನ್ನು ಮರೆಯಲಾಗದು.

ಸ್ಮರಣೆಯು ಕಲ್ಲಿಗೇ ಮುಗಿಯುತ್ತಿರಲಿಲ್ಲವೆಂಬುದು ಇನ್ನೂ ಮುಖ್ಯವಾದ ಸಂಗತಿ. ನೆತ್ತರುಗೊಡಗೆ, ಬಾಳ್ಗಳ್ಚು, ಕಲ್ನಾಡು ಎಂಬ ಮಾತುಗಳು ಶಾಸನಗಳಲ್ಲಿ ಮತ್ತೆ ಮತ್ತೆ ಬರುತ್ತವೆ. ಮಡಿದವನ ಮನೆಯವರಿಗೆ ಬಿಟ್ಟ ಭೂಮಿಯು ನೆತ್ತರುಗೊಡಗೆ. ಕಾದಿದವನ ಕತ್ತಿಯನ್ನು ತೊಳೆದು ಕೊಟ್ಟದ್ದು ಬಾಳ್ಗಳ್ಚು. ಮಂಡ್ಯ ಜಿಲ್ಲೆಯ ಆತಕೂರಿನ ಕಲ್ಲು ಈ ಪದ್ಧತಿಗೆ ಒಳ್ಳೆಯ ನಿದರ್ಶನ. ಕ್ರಿ. ಶ. 949ರ ಸುಮಾರಿನಲ್ಲಿ ತಕ್ಕೋಲದ ಕಾಳಗದಲ್ಲಿ ರಾಷ್ಟ್ರಕೂಟ ಮೂರನೆಯ ಕೃಷ್ಣನ ಪಕ್ಷದಲ್ಲಿದ್ದ ಗಂಗ ಬೂತುಗನು ಚೋಳ ರಾಜಾದಿತ್ಯನನ್ನು ಕೊಂದನು. ಬೂತುಗನಿಗೆ ಬನವಾಸಿ, ಬೆಳ್ವೊಲ, ಪುರಿಗೆರೆ ಮೊದಲಾದ ನಾಡುಗಳು ದೊರೆತುವು. (ಕುಕನೂರು ಬೆಳ್ವೊಲದೊಳಗಿನದಾದುದರಿಂದ ಈ ಸೀಮೆಗೂ ಆ ದಾನಕ್ಕೂ ನಂಟುಂಟು.) ಆದರೆ ಬೂತುಗನ ಆಳಾದ ಮಣಲೆರನು, ಮೆಚ್ಚಿದುದನ್ನು ಬೇಡೆಂದಾಗ, ಕಾಳಿಯೆಂಬ ಬೇಟೆನಾಯನ್ನು ಬೇಡಿದನು. ಆ ನಾಯಿ ಹಂದಿಯೊಡನೆ ಹೋರಾಡಿ, ಎರಡೂ ಸತ್ತುವು. ಚಲ್ಲೇಶ್ವರನ ಮುಂದೆ ಕಲ್ಲು ನಿಂತುದು ಆ ನಾಯಿಗಾಗಿ. ಚಕ್ರವರ್ತಿಯ ಮಹಾವಿಜಯದ ವೃತ್ತಾಂತವು ಅದೇ ಕಲ್ಲಿನಲ್ಲಿ ಸ್ಥಳವನ್ನು ಪಡೆಯಿತು. ಬೂತುಗನು ಮಣಲೆರನಿಗೆ ಊರುಗಳನ್ನು ಬಾಳ್ಗಳ್ಚಾಗಿ ಕೊಟ್ಟುದೂ ಅಲ್ಲಿಯೇ ಹೇಳಲ್ಪಟ್ಟಿದೆ. ಆಳಿನ ಇಷ್ಟಕ್ಕೆ ಒಡೆಯನ ಕೀರ್ತಿಯು ಪಕ್ಕದಲ್ಲಿ ನಿಂತ ಇಂತಹ ಕಲ್ಲುಗಳು ವಿರಳವೇ ಸರಿ.

ಇದನ್ನು ಕಂಡು ಹಳೆಯ ಕಾಲವೆಲ್ಲವೂ ಆಳಿನ ಪಕ್ಷದ್ದಾಗಿತ್ತೆಂದು ತಿಳಿಯಕೂಡದು. 1054ರ ಕೊಪ್ಪಂ ಯುದ್ಧವು ನಡೆದ ಸ್ಥಳವು ಕೊಪ್ಪಳವೆಂದು ಕೆಲವು ವಿದ್ವಾಂಸರೂ ಕೃಷ್ಣಾತೀರದ ಖಿದ್ರಾಪುರವೆಂದು ಕೆಲವರೂ ಹೇಳುವರು. ಎಲ್ಲಿಯೇ ನಡೆದಿರಲಿ, ಚೋಳ ರಾಜಾಧಿರಾಜನು ಆನೆಯ ಮೇಲೆ ಮಡಿದುದೂ, ಅವನ ತಮ್ಮನಿಗೆ ರಣರಂಗದಲ್ಲಿಯೇ ಪಟ್ಟವಾದುದೂ, ಬಿದ್ದ ಚಾಳುಕ್ಯ ನಾಯಕರ ಹೆಸರುಗಳೂ ಚೋಳ ಪ್ರಶಸ್ತಿಗಳಲ್ಲಿ ಉಂಟು, ಕಾಲಾಳುಗಳ ಸುದ್ದಿಯಿಲ್ಲ. ಇಟಗಿಯ ಮಹಾದೇವ ದೇವಾಲಯವನ್ನು 1112ರಲ್ಲಿ ಕಟ್ಟಿಸಿದವನು ಆರನೆಯ ವಿಕ್ರಮಾದಿತ್ಯನ ದಂಡನಾಯಕನಾದ ಮಹಾದೇವನು. ದಂಡನಾಯಕನಿಗೆ ದೇವಾಲಯ, ಆಳಿಗೆ ಊರ ಹೊರಗಿನ ಕಲ್ಲು ಎಂಬ ತಾರತಮ್ಯವು ಆಗಲೂ ಇದ್ದೇ ಇತ್ತು. ಆದರೂ ಕಲ್ಲು ಅವನದೇ ಆಗಿತ್ತು, ಅದರಲ್ಲಿ ಇನ್ನೊಬ್ಬನ ಪಾಲಿರಲಿಲ್ಲ. (ಪ್ರಸಂಗವಶಾತ್ ಒಂದು ಮಾತು: ಕೊಪ್ಪಳದ ಗವಿಮಠದಲ್ಲಿಯೂ ಪಾಲ್ಕಿಗುಂಡಿನಲ್ಲಿಯೂ 1931ರಲ್ಲಿ ಬೆಳಕಿಗೆ ಬಂದ ಅಶೋಕನ ಕಿರುಶಾಸನದ ತಾತ್ಪರ್ಯವೂ, ಉದ್ಯಮದ ಫಲವು ದೊಡ್ಡವರಿಗೆ ಮಾತ್ರವಲ್ಲದೆ ಸಣ್ಣವರಿಗೂ ದೊರೆಯತಕ್ಕುದು ಎಂಬುದೇ. ಸಮಾರಂಭದ ವೇದಿಕೆಯಿಂದ ಆ ಬಂಡೆಗಳು ಬಹು ದೂರದಲ್ಲಿಲ್ಲ.)

ಕೊಪ್ಪಳದ ಕೋಟೆಗೆ ಬಂದರೆ ಸ್ಥಿತಿಯು ಬೇರೆಯಾಗುತ್ತದೆ. 1786ರಲ್ಲಿ ಟಿಪ್ಪುಸುಲ್ತಾನನು ಅದನ್ನು ಪಾಳೆಯಗಾರನಿಂದ ತೆಗೆದುಕೊಂಡು ಫ್ರೆಂಚ್ ಶಿಲ್ಪಜ್ಞರ ಸಹಾಯದಿಂದ ಬಲಪಡಿಸಿದನು. 1790ರಲ್ಲಿ ನಿಜಾಮನ ಮತ್ತು ಇಂಗ್ಲಿಷರ ಸೈನ್ಯಗಳು ಮುತ್ತಿಗೆ ಹಾಕಿ, ಮರುವರ್ಷ ಅದನ್ನು ವಶಪಡಿಸಿಕೊಂಡುವು. ಜಾನ್ ಮಾಲ್ಕಮನು ಹಿಂದುಸ್ಥಾನದಲ್ಲಿ ತಾನು ಕಂಡ ಸ್ಥಳಗಳಲ್ಲೆಲ್ಲ ಇದೇ ಬಲಿಷ್ಠವಾದುದೆಂದು ಬರೆದಿಟ್ಟನು. 1819ರಲ್ಲಿ ವೀರಪ್ಪನು ಕೊಪ್ಪಳವನ್ನೂ ಬಹದ್ದೂರಬಂಡೆಯನ್ನೂ ಹಿಡಿದು ಕುಳಿತಾಗ ಪ್ರಿಟ್ಜ್ಲರನು ಬಂದು ಬಿಡಿಸಬೇಕಾಯಿತು. 1858ರ ಮೇ ತಿಂಗಳಲ್ಲಿ ಮುಂಡರಗಿಯ ಭೀಮರಾಯನೂ ಹಮ್ಮಿಗೆಯ ಕೆಂಚನಗೌಡನೂ ದಂಬಳದ ಖಜಾನೆಯನ್ನು ತೆಗೆದುಕೊಂಡು ಈ ಕೋಟೆಯನ್ನು ಸೇರಿದರು. ನರಗುಂದದ ಬಾಬಾಸಾಹೇಬನು ಎದ್ದುದೂ ಆ ದಿನಗಳಲ್ಲಿಯೇ. ಜೂನ್ 1ರಂದು ಮೇಜರ್ ಹ್ಯೂಸನ ದಂಡು ಕೋಟೆಯನ್ನು ಹತ್ತಿತು. ನಾಯಕರಿಬ್ಬರೂ ಕಾದಿ ಮಡಿದರು. ಸೆರೆಸಿಕ್ಕವರಲ್ಲಿ ಅನೇಕರಿಗೆ ಮರಣದಂಡನೆಯಾಯಿತು.

ಈ ಕೊನೆಯವರ ವಿಷಯವೇ ವಿಚಾರಾರ್ಹವಾದುದು. ಭೀಮರಾಯನ, ಕೆಂಚನಗೌಡನ ಹೆಸರುಗಳು ಇಂದು ಸಭೆಗಳಲ್ಲಿ ಕೇಳಿಬರುತ್ತವೆ. ಅವರೊಡನೆ ಗೋಡೆಯ ಮೇಲೆ ನಿಂತವರ ಹೆಸರುಗಳು ಜನರ ನಾಲಗೆಯ ಮೇಲಿಲ್ಲ. ವೀರಗಲ್ಲಿನ ಪದ್ಧತಿಯು ಆ ವೇಳೆಗೆ ನಿಂತುಹೋಗಿತ್ತು. ಬಂಡುಗಾರರೆಂದು ಗಲ್ಲಿಗೇರಿದವರಿಗೆ ಕಲ್ಲು ನಿಲ್ಲಿಸುವ ಧೈರ್ಯವು ಯಾವ ಊರಿಗಾದರೂ ಇರುವುದು ಅಸಂಭವ. ಕಥೆಯನ್ನು ಬರೆದಿಟ್ಟವರು ಗೆದ್ದ ದಂಡಿನವರು. ಅವರ ಲೆಕ್ಕದಲ್ಲಿ ಸೋತವರು ಸಂಖ್ಯೆಗಳಾಗಿಯೇ ಉಳಿದರು.

ಸಂಖ್ಯೆಯ ಈ ಪದ್ಧತಿಯು ಮುಂದಣ ಯುಗದಲ್ಲಿ ಗೆದ್ದವರ ಆಳುಗಳಿಗೂ ತಗಲಿತು. 1914ರ ಮಹಾಯುದ್ಧವು ಮುಗಿದ ಮೇಲೆ ಇಂಡಿಯಾದ ಅನೇಕ ಹಳ್ಳಿಗಳಲ್ಲಿ ಸರಕಾರದವರು ಹಾಕಿಸಿದ ಫಲಕಗಳಲ್ಲಿ, ಈ ಊರಿನಿಂದ ಇಷ್ಟು ಜನ ಹೋದರು, ಇಷ್ಟು ಜನ ಪ್ರಾಣಕೊಟ್ಟರು ಎಂದಿಷ್ಟೇ ಇರುವುದು. 1918ರ ಸಪ್ಟೆಂಬರ 23ರಂದು ಹೈಫಾ ಪಟ್ಟಣವನ್ನು ಕುದುರೆಯೇರಿ ಗೆದ್ದ ಜೋಧಪುರ, ಮೈಸೂರು ಲ್ಯಾನ್ಸರರು ಇದ್ದ ದಳದಲ್ಲಿಯೇ ಹೈದರಾಬಾದಿನ ಲ್ಯಾನ್ಸರರೂ ಸೇವೆ ಮಾಡಿದರು. ಆ ಮೂರು ಸಂಸ್ಥಾನಗಳ ಸವಾರರಿಗಾಗಿ ದಿಲ್ಲಿಯಲ್ಲಿ ಮೂರು ಮೂರ್ತಿಗಳು ನಿಂತುವು. ಅದರ ಎದುರಿನ ಭವನದಲ್ಲಿ ಮೊದಲು ಸೇನಾಧಿಪತಿಯೂ ಅನಂತರ ಪ್ರಧಾನಮಂತ್ರಿ ನೆಹರೂರವರೂ ವಾಸಮಾಡಿದುದರಿಂದ, ‘ತೀನ್ ಮೂರ್ತಿ’ ಎಂದರೆ ಬಹುಜನರಿಗೆ ನೆನಪಾಗುವುದು ಆ ಮನೆಯೇ. 2018ರಲ್ಲಿ ಆ ಚೌಕಕ್ಕೆ ಹೈಫಾದ ಹೆಸರನ್ನು ಸೇರಿಸಬೇಕಾಗಿ ಬಂದುದರಿಂದಲೇ ಸವಾರರು ಎಷ್ಟು ಮರೆಯಾಗಿದ್ದರೆಂಬುದನ್ನು ಊಹಿಸಬಹುದು.

ಇನ್ನು 1947-48ರ ಸಂಗತಿ. ಆಗ ಈ ನಾಲ್ಕು ತಾಲೂಕುಗಳೂ ನಿಜಾಮನ ರಾಯಚೂರು ಜಿಲ್ಲೆಯ ಎಲ್ಲೆಯೊಳಗಿದ್ದುವು. ಕೊಪ್ಪಳ, ಯಲಬುರ್ಗಾಗಳು ಸಾಲಾರಜಂಗನ ಜಹಗೀರು. 1947ರ ಆಗಸ್ಟ 7ರಂದು ಸ್ವಾಮಿ ರಾಮಾನಂದ ತೀರ್ಥರ ನಾಯಕತ್ವದ ಸ್ಟೇಟ್ ಕಾಂಗ್ರೆಸ್ಸು, ಸಂಸ್ಥಾನವು ಭಾರತವನ್ನು ಸೇರಲೆಂದು ಚಳವಳಿಯನ್ನು ಆರಂಭಿಸಿತು. ನವಂಬರ 29ರ ಯಥಾಸ್ಥಿತಿ ಒಪ್ಪಂದದಿಂದ ದಿಲ್ಲಿಯ ಸರಕಾರಕ್ಕೆ ವ್ಯವಧಾನವು ದೊರೆತರೂ ಗಡಿಯ ಹಳ್ಳಿಗಳಿಗೆ ದೊರೆಯಲಿಲ್ಲ. ರಜಾಕಾರರ ಹಾವಳಿಗೆ ಅಂಜಿ ಕುಟುಂಬಗಳು ಎಲ್ಲೆಯನ್ನು ದಾಟಿ ಮುಂಬಯಿ ಪ್ರಾಂತದ ಊರುಗಳನ್ನು ಸೇರಿದುವು. ಅಲ್ಲಿಯೇ ಶಿಬಿರಗಳು ಹುಟ್ಟಿಕೊಂಡುವು. ಅಳವಂಡಿಯ ಶಿವಮೂರ್ತಿಸ್ವಾಮಿಗಳು ಮುಂಡರಗಿಯ ಶಿಬಿರವನ್ನು ನಡೆಸಿದರು. ಗಜೇಂದ್ರಗಡದ ಶಿಬಿರವು ಪುಂಡಲೀಕಪ್ಪ ಜ್ಞಾನಮೋಠೆಯವರದು. ಶಿಬಿರದವರು ರಾತ್ರಿಯಲ್ಲಿ ಎಲ್ಲೆಯೊಳಗೆ ನುಗ್ಗಿ ಕರೋಡಗಿರಿ ನಾಕೆಗಳನ್ನು ಹೊಡೆಯುವುದು, ಪೋಲೀಸ ಠಾಣೆಗಳ ಮೇಲೆ ಬೀಳುವುದು, ಹಳ್ಳಿಗಳಿಗೆ ಕಾವಲು ನಿಲ್ಲುವುದು ಇತ್ಯಾದಿ ಕಾರ್ಯಗಳನ್ನು ಮಾಡುತ್ತಿದ್ದರು. ಭೀಮರಾಯನು ಹೊರಟ ಮುಂಡರಗಿಯಿಂದಲೇ ಮತ್ತೊಮ್ಮೆ ಕೊಪ್ಪಳದ ಕಡೆಗೆ ದಾರಿ ತೆರೆದುದು ಕಾಕತಾಳೀಯವೆನ್ನಬಹುದಾದರೂ, ಗಡಿಯ ಭೂಗೋಲವು ಎರಡು ಸಲವೂ ಒಂದೇ ಕೆಲಸವನ್ನು ಮಾಡಿತೆಂಬುದು ಸ್ಪಷ್ಟ.

1948ರ ಸಪ್ಟೆಂಬರ 13ರಂದು ಸೈನ್ಯವು ಹೊಕ್ಕಿತು. 17ರಂದು ನಿಜಾಮನು ರೇಡಿಯೋದಲ್ಲಿ ಶರಣಾಗತಿಯನ್ನು ಸಾರಿದನು. ಮರುದಿನ ಎಲ್ ಎದ್ರೂಸನು ಜನರಲ್ ಚೌಧುರಿಗೆ ವಿಧ್ಯುಕ್ತವಾಗಿ ಮಣಿದನು. ಐದು ದಿನಗಳ ಈ ಕಾರ್ಯಾಚರಣೆಯು ಹದಿಮೂರು ತಿಂಗಳ ಗಡಿಯ ಕಾದಾಟವನ್ನು ಮುಚ್ಚಿಹಾಕಿತು. ಮುಂದೆ ಸಂಭವಿಸಿದುದು ಇತಿಹಾಸದಲ್ಲಿ ಅಪರೂಪವಾದುದು. 1950ರ ಜನವರಿ 26ರಂದು ನಿಜಾಮನೇ ಹೈದರಾಬಾದ್ ರಾಜ್ಯದ ರಾಜಪ್ರಮುಖನಾದನು. 1956ರ ಅಕ್ಟೋಬರ 31ರ ವರೆಗೂ ಆ ಪದವಿಯಲ್ಲಿದ್ದನು. ರಾಜಧನವೂ ಅವನಿಗೆ ಸಲ್ಲುತ್ತಿದ್ದಿತು. ಯಾವನ ನಾಕೆಗಳನ್ನು ಸುಟ್ಟು ಜನರು ಸೆರೆಮನೆಗೆ ಹೋದರೋ ಅವನಿಗೇ ಆರು ವರ್ಷಗಳಿಗೂ ಮಿಕ್ಕಿ ರಾಜ್ಯದ ಅಗ್ರಾಸನವಿದ್ದಿತು. ರಕ್ತಪಾತವಿಲ್ಲದೆ ವ್ಯವಸ್ಥೆಯನ್ನು ಸಾಗಿಸುವುದಕ್ಕೆ ಇದು ಬೇಕಾಗಿದ್ದಿರಬಹುದು. ರಾಜನೀತಿಯಲ್ಲಿ ಇದಕ್ಕೆ ಸಮರ್ಥನೆಯೂ ಉಂಟು. ಆದರೆ ಶಿಬಿರದಿಂದ ಊರಿಗೆ ಮರಳಿದವನು ಮೊದಲು ಕಲಿತ ಪಾಠವು, ಸಾರ್ವಜನಿಕ ಸ್ಥಾನಕ್ಕೂ ಹೋರಾಟಕ್ಕೂ ಸಂಬಂಧವಿಲ್ಲವೆಂಬುದಾಗಿದ್ದರೆ ಆಶ್ಚರ್ಯವಿಲ್ಲ. ಶಿವಮೂರ್ತಿಸ್ವಾಮಿಗಳು 1952ರಲ್ಲಿ ಕುಷ್ಟಗಿ ಕ್ಷೇತ್ರದಿಂದ ಲೋಕಸಭೆಗೆ ಆಯ್ಕೆಯಾದುದೂ ಪಕ್ಷೇತರರಾಗಿಯೇ.

ಬಾಳ್ಗಳ್ಚಿಗೆ ಸಮಾನವಾದುದು ಈ ಕಾಲದಲ್ಲಿ ಯಾವುದೆಂದರೆ ಪಿಂಚಣಿ. ಕೇಂದ್ರ ಸರಕಾರವು 1972ರ ಆಗಸ್ಟ 15ರಂದು ಸ್ವಾತಂತ್ರ್ಯಯೋಧರ ಪಿಂಚಣಿಯನ್ನು ಏರ್ಪಡಿಸಿತು. 1980ರಲ್ಲಿ ಅದಕ್ಕೆ ‘ಸಮ್ಮಾನ’ವೆಂಬ ಹೆಸರನ್ನು ಸೇರಿಸಿ ವಿಸ್ತರಿಸಿತು. ಸಾಮಾನ್ಯವಾಗಿ ಆರು ತಿಂಗಳ ಸೆರೆವಾಸವು, ಸ್ತ್ರೀಯರಿಗೂ ಪರಿಶಿಷ್ಟರಿಗೂ ಮೂರು ತಿಂಗಳು, ಅರ್ಹತೆಯಾಯಿತು. ಗಡಿಯ ಶಿಬಿರದವರಿಗೆ ಇಲ್ಲಿ ತೊಡಕುಂಟಾಯಿತು. ರಾತ್ರಿ ನಾಕೆ ಹೊಡೆದು ಬೆಳಗಿಗೆ ಎಲ್ಲೆ ದಾಟಿದವನಿಗೆ ಜೈಲಿನ ದಾಖಲೆ ಎಲ್ಲಿಂದ ಬರಬೇಕು? ಸಿಕ್ಕಿಬೀಳದೆ ಕಾರ್ಯವನ್ನು ಸಾಧಿಸಿದುದೇ ಅವನ ಅನರ್ಹತೆಯಾಯಿತು. ದಾಖಲೆಯಿಲ್ಲದವನು ತನಗಿಂತ ಪ್ರಸಿದ್ಧನಾದ, ದೀರ್ಘಕಾಲ ಸೆರೆಯಲ್ಲಿದ್ದ ಹೋರಾಟಗಾರನಿಂದ ಪ್ರಮಾಣಪತ್ರವನ್ನು ತರಬೇಕು. ಆಳಿನ ಮಾತಿಗೆ ಬೆಲೆಯಿಲ್ಲ, ನಾಯಕನ ಮಾತಿಗೆ ಉಂಟು. ನಾಯಕನು ತೀರಿಕೊಂಡಿದ್ದರೆ ಆಳೂ ಇತಿಹಾಸದಿಂದ ತೀರಿಕೊಂಡಂತೆ. ಶಿಬಿರಗಳನ್ನಾದರೂ ಸರಕಾರವು ಒಮ್ಮೆಗೇ ಒಪ್ಪಲಿಲ್ಲ. ಮೊದಲ ಪಟ್ಟಿಯಲ್ಲಿ ಕೆಲವನ್ನೂ ಅನಂತರ ಇನ್ನು ಕೆಲವನ್ನೂ ಮನ್ನಿಸಿತು. 1938-39ರ ಹೈದರಾಬಾದಿನ ಆರ್ಯಸಮಾಜ ಚಳವಳಿಯವರು ನ್ಯಾಯಾಲಯವನ್ನೇ ಹತ್ತಬೇಕಾಯಿತು. ಅರ್ಜಿಯು ತಡವಾಗಿ ಬಂದಿತೆಂಬ ಕಾರಣದಿಂದ ತಳ್ಳಿಹಾಕಲಾಗದೆಂದು ಮುಕುಂದಲಾಲ ಭಂಡಾರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ತೀರ್ಪಿತ್ತುದು 1993ರಲ್ಲಿ. ಸುಳ್ಳು ಅರ್ಜಿಗಳ ಭಯವು ನಿರಾಧಾರವೆನ್ನಲಾಗದು. ಆದರೆ ವೀರಗಲ್ಲಿನ ಕಾಲದಲ್ಲಿ ಸಾಕ್ಷಿಯು ಊರೇ ಆಗಿದ್ದಿತು. ಊರಿನ ಸಾಕ್ಷಿಯನ್ನು ಕೇಳುವ ಏರ್ಪಾಡು ಈ ನಿಯಮಗಳಲ್ಲಿ ಕಾಣಬರುವುದಿಲ್ಲ.

ಸಪ್ಟೆಂಬರ 17ರ ಹೆಸರೂ ಸ್ಥಿರವಾಗಿ ನಿಂತಿಲ್ಲ. ಮೊದಲು ಅದು ವಿಮೋಚನಾ ದಿನ. 2019ರಲ್ಲಿ ಹೈದರಾಬಾದ್ ಕರ್ನಾಟಕವೆಂಬ ಹೆಸರು ಕಲ್ಯಾಣ ಕರ್ನಾಟಕವೆಂದು ಬದಲಾದಾಗ ದಿನವೂ ಕಲ್ಯಾಣ ಕರ್ನಾಟಕ ಉತ್ಸವವಾಯಿತು. ಕಲ್ಯಾಣವು ಶರಣರ ನೆನಪನ್ನು ತರುವ ಶುಭನಾಮವೇ ಹೌದು. ಆದರೆ ಉತ್ಸವಕ್ಕೆ ಬೇಕಾದವನು ಅತಿಥಿ, ವಿಮೋಚನೆಗೆ ಬೇಕಾದವನು ಸಾಕ್ಷಿ. ಸಾಕ್ಷಿಯನ್ನು ಕೇಳದಿರುವುದರಿಂದ ಇನ್ನೊಂದು ಹಾನಿಯೂ ಉಂಟು. ಸೈನ್ಯಕಾರ್ಯದ ಅನಂತರ ಸಂಸ್ಥಾನದ ಹಲವೆಡೆ ಮುಸಲ್ಮಾನರ ಮೇಲೆ ನಡೆದ ಹತ್ಯೆಗಳನ್ನು ಪಂಡಿತ ಸುಂದರಲಾಲರ ಸಮಿತಿಯು ಆಗಲೇ ವಿಚಾರಿಸಿ, ಸತ್ತವರು ಇಪ್ಪತ್ತೇಳರಿಂದ ನಲ್ವತ್ತು ಸಾವಿರವೆಂದು ಅಂದಾಜು ಮಾಡಿದ್ದಿತು. ಆ ವರದಿಯು ಸಾರ್ವಜನಿಕರ ಕೈಗೆ ಬಂದುದು 2013ರಲ್ಲಿ. ರಜಾಕಾರರ ಕ್ರೌರ್ಯವನ್ನೂ ಅದರ ಪ್ರತೀಕಾರವನ್ನೂ ಒಂದೇ ಹಳ್ಳಿಯಲ್ಲಿ ಕಂಡ ವೃದ್ಧನು ಮಾತನಾಡಿದರೆ ಎರಡನ್ನೂ ಹೇಳಬಹುದು. ವೇದಿಕೆಯ ಭಾಷಣಕ್ಕೆ ಅಂತಹ ಮಾತು ಒಗ್ಗುವುದಿಲ್ಲ.

1997ರ ಜಿಲ್ಲಾ ವಿಂಗಡಣೆಯಿಂದ ಈ ವಿಷಯಕ್ಕೆ ಒಂದು ವಿಚಿತ್ರವಾದ ತೊಡಕು ಸೇರಿತು. ರಾಯಚೂರಿನಿಂದ ಬೇರ್ಪಟ್ಟ ನಾಲ್ಕು ತಾಲೂಕುಗಳು ಕೊಪ್ಪಳ ಜಿಲ್ಲೆಯಾದುವು. ಧಾರವಾಡದಿಂದ ಬೇರ್ಪಟ್ಟ ಮುಂಡರಗಿ, ಗಜೇಂದ್ರಗಡಗಳು ಗದಗ ಜಿಲ್ಲೆಗೆ ಸೇರಿದುವು. ಸಪ್ಟೆಂಬರ 17ರ ಸರಕಾರಿ ಸಮಾರಂಭವು ಕಲ್ಯಾಣ ಕರ್ನಾಟಕದ ಜಿಲ್ಲೆಗಳಿಗೆ ಸಂಬಂಧಿಸಿದುದು. ಗದಗವು ಆ ಎಣಿಕೆಗೆ ಸೇರಿಲ್ಲ. ಆದುದರಿಂದ, ಕೊಪ್ಪಳದ ಬಿಡುಗಡೆಗಾಗಿ ಜನರು ಉಂಡು ಮಲಗಿ ಬಂದೂಕು ಹಿಡಿಯುವುದನ್ನು ಕಲಿತ ಆ ಎರಡು ಶಿಬಿರಗಳ ನೆಲವು, ಕೊಪ್ಪಳವು ಧ್ವಜವನ್ನೇರಿಸುವ ದಿನದ ಎಲ್ಲೆಯ ಹೊರಗೇ ಉಳಿದಿದೆ.