ಧ್ವಜದ ಚೀಟಿ, ನಿಜಾಮರ ಅಂಚೆ

ಸ್ವತಂತ್ರ ಭಾರತದ ಮೊದಲ ಅಂಚೆ ಚೀಟಿ ಹೊರಬಂದದ್ದು 1947ರ ನವೆಂಬರ್ 21ರಂದು. ಬೆಲೆ ಮೂರೂವರೆ ಆಣೆ. ಚಿತ್ರ ಹಾರಾಡುವ ತ್ರಿವರ್ಣ ಧ್ವಜ. ಮೇಲೆ ನಾಗರಿ ಲಿಪಿಯಲ್ಲಿ ‘ಜೈ ಹಿಂದ್’. ಯಾವ ನಾಯಕನ ಮುಖವೂ ಅದರಲ್ಲಿರಲಿಲ್ಲ. ಸತ್ಯಾಗ್ರಹ ಮಾಡಿ ಸೆರೆಮನೆ ತುಂಬಿದ ಲಕ್ಷಾಂತರ ಜನರ ಹೋರಾಟಕ್ಕೆ ಅಂಚೆ ಇಲಾಖೆ ಸಲ್ಲಿಸಿದ ಮೊದಲ ಗೌರವವೆಂದು ಅದನ್ನು ಕರೆಯಬಹುದು. ಆದರೆ ಅದೇ ದಿನ ಕಲಬುರಗಿಯಲ್ಲಿ ಆ ಧ್ವಜವನ್ನು ಏರಿಸುವವರಿಗೆ ಸೆರೆಮನೆಯೇ ಗತಿಯಾಗಿತ್ತು.

ಆಗ ಗುಲ್ಬರ್ಗ ಎನಿಸಿಕೊಂಡಿದ್ದ ಈ ಊರು, ಬೀದರ್ ಮತ್ತು ರಾಯಚೂರು ಜಿಲ್ಲೆಗಳೊಂದಿಗೆ ಹೈದರಾಬಾದ್ ಸಂಸ್ಥಾನಕ್ಕೆ ಸೇರಿತ್ತು. ನಿಜಾಮ ಮೀರ್ ಉಸ್ಮಾನ್ ಅಲಿ ಖಾನ್ ಭಾರತವನ್ನು ಸೇರಲು ಒಪ್ಪಿರಲಿಲ್ಲ. ಸಂಸ್ಥಾನಕ್ಕೆ ತನ್ನದೇ ನಾಣ್ಯ, ತನ್ನದೇ ರೈಲು, ತನ್ನದೇ ಸುಂಕದ ಕಟ್ಟೆಗಳಿದ್ದವು. ತನ್ನದೇ ಅಂಚೆಯೂ ಇತ್ತು.

ನಿಜಾಮರ ಅಂಚೆ ಚೀಟಿಗಳು 1869ರಿಂದಲೇ ಬಳಕೆಯಲ್ಲಿದ್ದವು. ಅವುಗಳಿಗೆ ಬೆಲೆ ಸಂಸ್ಥಾನದ ಗಡಿಯೊಳಗೆ ಮಾತ್ರ. ಗುಲ್ಬರ್ಗದಿಂದ ಹುಮನಾಬಾದ್ ರಸ್ತೆಯಲ್ಲಿ ಸುಮಾರು 35 ಕಿಲೋಮೀಟರ್ ದೂರದ ಕಮಲಾಪುರಕ್ಕೆ ಹೋಗುವ ಕಾಗದಕ್ಕೆ ನಿಜಾಮರ ಚೀಟಿ ಸಾಕು. ಅದೇ ಕಾಗದ ರೈಲಿನಲ್ಲಿ ಸಾಗಿ ಸೊಲ್ಲಾಪುರ ಮುಟ್ಟಬೇಕಾದರೆ ಭಾರತ ಸರ್ಕಾರದ ಚೀಟಿ ಬೇಕು. ಬಂಧುಬಳಗ, ವ್ಯಾಪಾರ, ಮದುವೆ ಸಂಬಂಧ ಎಲ್ಲವೂ ಗಡಿಯಾಚೆಗೆ ಹರಡಿದ್ದ ಸೀಮೆಯಲ್ಲಿ ಒಂದು ಲಕೋಟೆ ಕೂಡ ತಾನು ಯಾವ ರಾಜ್ಯದ ಪ್ರಜೆಯೆಂದು ಹೇಳಬೇಕಾಗಿತ್ತು.

ಅಂಚೆ ಚೀಟಿ ಆಳುವವರ ಕನ್ನಡಿ. 1931ರ ನಿಜಾಮ್ ಸರಣಿಯಲ್ಲಿ ಚಾರ್‌ಮಿನಾರ್, ಹೈಕೋರ್ಟು, ಅಜಂತಾ, ದೌಲತಾಬಾದಿನ ಮಿನಾರ್ ಮೊದಲಾದವು ಮೂಡಿದವು. ಕನ್ನಡ ಜಿಲ್ಲೆಗಳ ಪಾಲಿಗೆ ಬಂದದ್ದು ಹನ್ನೆರಡಾಣೆ ಚೀಟಿಯ ಮೇಲಿನ ಬೀದರಿನ ಮಹಮೂದ್ ಗವಾನ್ ಮದರಸಾ ಒಂದೇ. 1947ರ ಫೆಬ್ರುವರಿಯಲ್ಲಿ ‘ಸುಧಾರಿತ ಶಾಸನಸಭೆ’ಯ ನೆನಪಿಗೆಂದು ಒಂದಾಣೆಯ ಚೀಟಿ ಬಂತು. ಸ್ವಾರಸ್ಯದ ಸಂಗತಿಯೆಂದರೆ, ಹೈದರಾಬಾದ್ ಸಂಸ್ಥಾನ ಕಾಂಗ್ರೆಸ್ ಆ ಸುಧಾರಣೆಯನ್ನು ತಿರಸ್ಕರಿಸಿತ್ತು. ಅರಸು ಕೊಟ್ಟದ್ದು ಚೀಟಿಯಲ್ಲಿ ಅಚ್ಚಾಯಿತು; ಜನ ಕೇಳಿದ್ದು ಅಚ್ಚಾಗಲಿಲ್ಲ.

ಜನ ಕೇಳಿದ್ದು ಜವಾಬ್ದಾರಿ ಸರ್ಕಾರ. 1938ರಲ್ಲಿ ಹುಟ್ಟುವ ಮೊದಲೇ ನಿಷೇಧಕ್ಕೊಳಗಾದ ಸಂಸ್ಥಾನ ಕಾಂಗ್ರೆಸ್ ಆ ವರ್ಷದ ಅಕ್ಟೋಬರಿನಲ್ಲಿ ಸತ್ಯಾಗ್ರಹ ಹೂಡಿತು. ಅದೇ ಹೊತ್ತಿಗೆ ಧಾರ್ಮಿಕ ಸ್ವಾತಂತ್ರ್ಯ ಕೇಳಿ ಆರ್ಯ ಸಮಾಜ ನಡೆಸಿದ ಸತ್ಯಾಗ್ರಹದಲ್ಲಿ ಗುಲ್ಬರ್ಗವೂ ಒಂದು ಮುಖ್ಯ ಕಣವಾಗಿತ್ತು.

ದೊಡ್ಡ ಅಲೆ ಎದ್ದದ್ದು 1947ರ ಆಗಸ್ಟ್ 7ರಂದು, ‘ಭಾರತ ಸೇರಿರಿ’ ಚಳವಳಿಯಾಗಿ. ಅದರ ಮುಂದಾಳು ಸ್ವಾಮಿ ರಮಾನಂದ ತೀರ್ಥರು, ವಿಜಾಪುರ ಜಿಲ್ಲೆಯ ಸಿಂದಗಿಯಲ್ಲಿ ಹುಟ್ಟಿದವರು. ಆಗಸ್ಟ್ 15ರಂದು ದೇಶವೆಲ್ಲ ಸಂಭ್ರಮಿಸುತ್ತಿರುವಾಗ ಅವರ ಬಂಧನವಾಯಿತು. ಚಳವಳಿಯ ಆಯುಧಗಳು ಸರಳವಾಗಿದ್ದವು. ನಿಷೇಧ ಮೀರಿ ಧ್ವಜ ಏರಿಸುವುದು, ವಿದ್ಯಾರ್ಥಿಗಳು ಶಾಲೆ ಬಿಡುವುದು, ವಕೀಲರು ಕೋರ್ಟು ಬಿಡುವುದು, ಲೆವಿ ಧಾನ್ಯ ಕೊಡದಿರುವುದು, ಕರೋಡಗಿರಿ ಎಂದು ಕರೆಯುತ್ತಿದ್ದ ಸುಂಕದ ಕಾನೂನನ್ನು ಮುರಿಯುವುದು, ಶಿಂದಿ ಗಿಡ ಕಡಿದು ಅಬಕಾರಿ ಆದಾಯಕ್ಕೆ ಪೆಟ್ಟು ಕೊಡುವುದು. ಕೆಲಸ, ಓದು, ಬೆಳೆ ಕಳೆದುಕೊಳ್ಳಲು ಸಿದ್ಧರಾದ ಸಾಮಾನ್ಯರೇ ಅದರ ಬಲ.

ಈ ಹೋರಾಟ ಕೊನೆಯವರೆಗೂ ಶಾಂತಿಯುತವಾಗಿ ಉಳಿಯಿತೆಂದು ಹೇಳಲಾಗದು. ರಜಾಕಾರರ ದಾಳಿಗಳು ಹೆಚ್ಚಿದಂತೆ ಗಡಿಯಾಚೆ ಸಶಸ್ತ್ರ ಶಿಬಿರಗಳು ಎದ್ದವು. 1948ರ ಮೇ ತಿಂಗಳಲ್ಲಿ ಬೀದರ್ ಜಿಲ್ಲೆಯ ಗೋರಟಾದಲ್ಲಿ ಹತ್ಯಾಕಾಂಡವೇ ನಡೆಯಿತು. ಸೆಪ್ಟೆಂಬರ್ 13ರಂದು ಭಾರತದ ಸೇನೆ ಒಳಬಂದು, 17ರಂದು ನಿಜಾಮರು ಶರಣಾದರು. ಬಿಡುಗಡೆಯ ಬೆನ್ನಿಗೇ ಮುಸ್ಲಿಮರ ಮೇಲೆ ನಡೆದ ಹಿಂಸೆಯಲ್ಲಿ ಅತಿ ಹೆಚ್ಚು ನೊಂದ ನಾಲ್ಕು ಜಿಲ್ಲೆಗಳಲ್ಲಿ ಗುಲ್ಬರ್ಗ, ಬೀದರ್ ಎರಡೂ ಇದ್ದವೆಂದು ಪಂಡಿತ ಸುಂದರಲಾಲ್ ಸಮಿತಿ ವರದಿ ಮಾಡಿತು. ವಿಮೋಚನೆಯ ನೆನಪಿನಲ್ಲಿ ಈ ಎರಡು ನೋವುಗಳಿಗೂ ಜಾಗವಿರಬೇಕು.

ಆಳ್ವಿಕೆ ಬದಲಾದರೂ ಚೀಟಿ ಕೂಡಲೇ ಬದಲಾಗಲಿಲ್ಲ. ಸೇನೆ ಬಂದು ಒಂದೂವರೆ ವರ್ಷ ಕಳೆದ ಮೇಲೂ ನಿಜಾಮರ ಚೀಟಿಗಳು ನಡೆಯುತ್ತಿದ್ದವು. 1950ರ ಏಪ್ರಿಲ್ 1ರಿಂದ ಭಾರತದ ಚೀಟಿಗಳು ಅವುಗಳ ಜಾಗಕ್ಕೆ ಬಂದವು.

ಶಾಂತಿಯುತ ಜನಾಂದೋಲನಗಳನ್ನು ಅಂಚೆ ಇಲಾಖೆ ಮುಂದೆ ಹಲವು ಸಲ ನೆನೆದಿದೆ. 1967ರಲ್ಲಿ ಕ್ವಿಟ್ ಇಂಡಿಯಾ ಚಳವಳಿಯ ಬೆಳ್ಳಿಹಬ್ಬಕ್ಕೆ ಪಟನಾದ ಹುತಾತ್ಮ ಸ್ಮಾರಕ ಚೀಟಿಯ ಮೇಲೆ ಬಂತು. 1980ರಲ್ಲಿ ದಂಡಿ ಯಾತ್ರೆಗೆ ಐವತ್ತು ತುಂಬಿದಾಗ ಜೋಡಿ ಚೀಟಿ ಬಂತು. ಶಿಂದಿ ಗಿಡ ಕಡಿದ ರೈತ, ಒಂದು ವರ್ಷದ ಓದು ಬಿಟ್ಟ ಹುಡುಗ ಇಂಥ ಚೀಟಿಗಳಲ್ಲಿ ಹೆಸರಾಗಿ ಮೂಡುವುದು ಕಷ್ಟ. ಅವರಿಗೆ ನಿಜವಾಗಿ ಸಲ್ಲುವ ಸ್ಮಾರಕ ಬಹುಶಃ ನಾವು ಗಮನಿಸದಷ್ಟು ಸಾಮಾನ್ಯವಾದ ಒಂದು ಸಂಗತಿ: ಇಂದು ಕಲಬುರಗಿಯಿಂದ ಕಮಲಾಪುರಕ್ಕೆ ಹೋಗುವ ಕಾಗದಕ್ಕೂ ಸೊಲ್ಲಾಪುರಕ್ಕೆ ಹೋಗುವ ಕಾಗದಕ್ಕೂ ಅಂಟಿಸುವುದು ಒಂದೇ ಚೀಟಿ.