ಕಾಣದ ಗಾಯದ ಆರೈಕೆ



ಫೆಬ್ರವರಿ 11ರಂದು ನಾವು ಲೂರ್ದು ಮಾತೆಯ ಹಬ್ಬವನ್ನು ಆಚರಿಸುತ್ತೇವೆ. ಜಗದ್ಗುರು ಎರಡನೇ ಜಾನ್ ಪಾಲರು 1992ರಲ್ಲಿ ಈ ದಿನವನ್ನೇ ವಿಶ್ವ ರೋಗಿಗಳ ದಿನವೆಂದು ಗೊತ್ತುಪಡಿಸಿದರು. ಹಬ್ಬಕ್ಕೆ ನಾಲ್ಕು ದಿನ ಮುಂಚೆ ನಮ್ಮ ನಾಡಿನ ಒಂದು ದುಃಖದ ನೆನಪೂ ಬರುತ್ತದೆ.

1981ರ ಫೆಬ್ರವರಿ 7ರಂದು ಬೆಂಗಳೂರಿನಲ್ಲಿ ಸರ್ಕಸ್ ಡೇರೆಗೆ ಬೆಂಕಿ ಬಿದ್ದು 92 ಮಂದಿ ಸತ್ತರು. ಹೆಚ್ಚಿನವರು ಮಕ್ಕಳು. ಸುಟ್ಟ ಗಾಯಕ್ಕೆ ಆಸ್ಪತ್ರೆಯಲ್ಲಿ ಮುಲಾಮು ಇತ್ತು. ಮಗುವನ್ನು ಸರ್ಕಸ್ ನೋಡಲು ಕಳುಹಿಸಿದ ತಾಯಿಯ ಒಡಲ ಉರಿಗೆ ಏನಿತ್ತು? ಮುಂದೆ ನಿಮ್ಹಾನ್ಸ್ ಸಂಸ್ಥೆಯ ತಜ್ಞರು ತಮ್ಮವರನ್ನು ಕಳೆದುಕೊಂಡವರ ದುಃಖವನ್ನು ಅಧ್ಯಯನ ಮಾಡಿದರು. ದುರಂತದ ಬಳಿಕ ಮನಸ್ಸಿಗೂ ಆರೈಕೆ ಬೇಕೆಂದು ನಮ್ಮ ದೇಶ ಅರಿಯತೊಡಗಿದ ಕಾಲವದು.

1984ರ ಡಿಸೆಂಬರ್ 2ರ ರಾತ್ರಿ ಭೋಪಾಲಿನ ಕೀಟನಾಶಕ ಕಾರ್ಖಾನೆಯಿಂದ ವಿಷಾನಿಲ ಸೋರಿತು. ಸಾವಿರಾರು ಜನ ಹಮೀದಿಯಾ ಆಸ್ಪತ್ರೆಗೆ ಓಡಿಬಂದರು. ಅದು ಯಾವ ಅನಿಲವೆಂದು ತಿಳಿಯದೆ, ಯಾವ ಮದ್ದು ಕೊಡಬೇಕೆಂದು ತೋಚದೆ, ಅಲ್ಲಿನ ವೈದ್ಯರೂ ದಾದಿಯರೂ ಕಣ್ಣೆದುರಿಗೇ ಜನ ಸಾಯುವುದನ್ನು ನೋಡಬೇಕಾಯಿತು. ಮರುವರ್ಷ ಅಲ್ಲಿನ ಚಿಕಿತ್ಸಾಲಯಗಳಿಗೆ ಬಂದವರನ್ನು ತಜ್ಞರು ಪರೀಕ್ಷಿಸಿದಾಗ, ಸುಮಾರು ಐವರಲ್ಲಿ ಒಬ್ಬರು ಮಾನಸಿಕವಾಗಿಯೂ ನರಳುತ್ತಿದ್ದುದು ತಿಳಿಯಿತು.

ಅಷ್ಟು ಜನರಿಗೆ ಮನೋವೈದ್ಯರನ್ನು ಎಲ್ಲಿಂದ ತರುವುದು? ನಿಮ್ಹಾನ್ಸಿನ ಡಾ. ಆರ್. ಶ್ರೀನಿವಾಸಮೂರ್ತಿ ಮತ್ತು ಸಂಗಡಿಗರು 1985ರಲ್ಲಿ ಭೋಪಾಲಿನ ಸಾಮಾನ್ಯ ವೈದ್ಯರಿಗೇ ತರಬೇತಿ ಕೊಟ್ಟರು. ಕೆಮ್ಮು, ಕಣ್ಣುರಿಗೆ ಮದ್ದು ಕೊಡುವ ಕೈಗಳೇ ಭಯವನ್ನೂ, ನಿದ್ದೆಯಿಲ್ಲದ ರಾತ್ರಿಗಳನ್ನೂ ಗುರುತಿಸಲು ಕಲಿತವು. ಸಾಂತ್ವನ ನೀಡುವುದು ಕೆಲವೇ ತಜ್ಞರ ಸೊತ್ತಲ್ಲ. ಕಲಿಸಿದರೆ ಇತರರಿಗೂ ಬರುತ್ತದೆ. ಭೋಪಾಲ್ ನಮಗೆ ಕಲಿಸಿದ ಪಾಠ ಇದು.

ಆದರೆ ಉಪಚರಿಸುವವರ ಅಳಲನ್ನು ಕೇಳುವವರು ಯಾರು? 2020ರಲ್ಲಿ ಕೊರೊನಾ ಬಂದಾಗ ಈ ಪ್ರಶ್ನೆಯನ್ನು ತಳ್ಳಿಹಾಕಲು ಯಾರಿಂದಲೂ ಆಗಲಿಲ್ಲ. ಮನೆಗೆ ಸೋಂಕು ಒಯ್ಯುವ ಭಯ, ಬಂಧುಗಳಿಲ್ಲದೆ ಸಾಯುವವರ ಕೈಹಿಡಿದು ನಿಂತ ನೋವು ಎರಡೂ ಸಿಬ್ಬಂದಿಯನ್ನು ಕಾಡಿದವು. ಆ ವರ್ಷ ನಿಮ್ಹಾನ್ಸ್ ಹೊರತಂದ ಮಾರ್ಗದರ್ಶಿಯಲ್ಲಿ ಅವರ ಮನಸ್ಸಿನ ಆರೈಕೆಗೂ ಸ್ಥಾನ ಸಿಕ್ಕಿತು. 2022ರ ಅಕ್ಟೋಬರ್ 10ರಂದು ಸರ್ಕಾರವು ಟೆಲಿ ಮಾನಸ್ ಸಹಾಯವಾಣಿಯನ್ನು ಆರಂಭಿಸಿತು. 14416ಕ್ಕೆ ಯಾರೂ ಹಗಲು ರಾತ್ರಿಯೆನ್ನದೆ ಉಚಿತವಾಗಿ ಕರೆಮಾಡಬಹುದು.

ಪ್ರಿಯರೇ, ಇಲ್ಲಿ ಗುರುಗಳಾದ ನಾವೂ ನಮ್ಮನ್ನೇ ಪರೀಕ್ಷಿಸಿಕೊಳ್ಳಬೇಕು. ನಾವು ಆಸ್ಪತ್ರೆಗೆ ಹೋಗುತ್ತೇವೆ, ರೋಗಿಗೆ ಅಭ್ಯಂಗ ಕೊಡುತ್ತೇವೆ, ಮನೆಯವರಿಗೆ ಧೈರ್ಯ ಹೇಳಿ ಹಿಂತಿರುಗುತ್ತೇವೆ. ಆಗತಾನೇ ಸತ್ತ ಮಗುವಿಗೆ ಬಿಳಿಬಟ್ಟೆ ಹೊದಿಸಿ, ಪಕ್ಕದ ಹಾಸಿಗೆಗೆ ಔಷಧಿ ಕೊಡಲು ನಡೆದ ದಾದಿಯನ್ನು, "ಊಟ ಆಯಿತೇನಮ್ಮಾ? ಸ್ವಲ್ಪ ಕುಳಿತುಕೊ" ಎಂದು ಎಷ್ಟು ಸಲ ಕೇಳಿದ್ದೇವೆ?

ಗೆತ್ಸೆಮನಿ ತೋಟದಲ್ಲಿ ಯೇಸುಸ್ವಾಮಿ ಶಿಷ್ಯರಿಂದ ಬಯಸಿದ್ದು ಉಪದೇಶವನ್ನಲ್ಲ, ತಮ್ಮೊಡನೆ ಎಚ್ಚರವಾಗಿರುವುದನ್ನು. ಈ ಹಬ್ಬದಂದು ರೋಗಿಗಳಿಗಾಗಿ ಪ್ರಾರ್ಥಿಸೋಣ. ನಮ್ಮ ಧರ್ಮಕೇಂದ್ರದ ದಾದಿಯರು, ವಾರ್ಡಿನ ಆಯಾಗಳು, ಆಂಬುಲೆನ್ಸ್ ಚಾಲಕರ ಮನೆಗೂ ಒಮ್ಮೆ ಹೋಗಿ, ಅವರು ಹೇಳುವುದನ್ನು ಕೇಳಿ ಬರೋಣ.